ಹತ್ತನೇ ಕ್ಲಾಸಿನ ವರ್ಷ ಮಕ್ಕಳ ಸ್ನೇಹ ಬಿಡಿಸಬೇಡಿ

ಬೆಂಗಳೂರಿನ ವಿಜಯನಗರದ ಕಡೆಯ ಹೈಸ್ಕೂಲೊಂದರಲ್ಲಿ ನಾನು ಪಿ.ಟಿ. ಟೀಚರ್. ಪ್ರತಿ ವರ್ಷ ಶಾಲೆ ಶುರುವಾದ ಕೂಡಲೇ ಹತ್ತನೇ ಕ್ಲಾಸಿನ ಅಪ್ಪ ಅಮ್ಮಂದಿರು ಬಂದು ಹೇಳುವ ಮಾತು ಒಂದೇ: "ಮಿಸ್, ಈ ವರ್ಷ ಇವನಿಗೆ ಆಟ, ಫ್ರೆಂಡ್ಸು ಎಲ್ಲ ಬಂದ್. ಪರೀಕ್ಷೆ ಮುಗೀಲಿ, ಆಮೇಲೆ ನೋಡೋಣ." ಆಟ ಬಿಡಿಸಿದರೆ ಮೈಗೆ ಒಳ್ಳೆಯದಲ್ಲ ಅಂದರೆ ತಲೆಯಾಡಿಸುತ್ತಾರೆ. ಸ್ನೇಹ ಬಿಡಿಸಿದರೂ ಆ ಮೈಗೇ ಪೆಟ್ಟು ಅಂದರೆ ನಂಬುವುದಿಲ್ಲ.

ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಜೋಸೆಫ್ ಆಲನ್ ಮತ್ತು ಸಂಗಡಿಗರು 171 ಮಕ್ಕಳನ್ನು 13ನೇ ವಯಸ್ಸಿನಿಂದ 27ರವರೆಗೆ ಗಮನಿಸುತ್ತ ಹೋದರು. ಸ್ನೇಹ ಎಷ್ಟು ಗಟ್ಟಿ ಅಂತ ಅವರು ಕೇಳಿದ್ದು ಆ ಮಕ್ಕಳ ಆಪ್ತ ಗೆಳೆಯರನ್ನೇ. 13ರಿಂದ 17ರ ನಡುವೆ ಗಟ್ಟಿ ಸ್ನೇಹ ಇದ್ದವರ ಆರೋಗ್ಯ 25 ದಾಟಿದ ಮೇಲೆ ಚೆನ್ನಾಗಿತ್ತು. ಮನೆಯ ಆದಾಯ, ತೂಕ, ಮಾದಕ ವಸ್ತುಗಳ ಬಳಕೆ ಇವನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ ಆ ನಂಟು ಉಳಿಯಿತು. ಇದು 2015ರಲ್ಲಿ ಪ್ರಕಟವಾಯಿತು. ಮರುವರ್ಷ ಬಂದ ಇನ್ನೊಂದು ಅಧ್ಯಯನದಲ್ಲಿ, ಹದಿಹರೆಯದಲ್ಲಿ ಒಂಟಿಯಾಗಿರುವುದಕ್ಕೂ ದೇಹದೊಳಗಿನ ಉರಿಯೂತ (ಪೆಟ್ಟೋ ಸೋಂಕೋ ಆದಾಗ ಮೈಯೊಳಗೆ ಏಳುವ ಉರಿ, ಬಾವು) ಹೆಚ್ಚುವುದಕ್ಕೂ ಇರುವ ನಂಟು, ವ್ಯಾಯಾಮ ಇಲ್ಲದಿರುವುದಕ್ಕೂ ಉರಿಯೂತಕ್ಕೂ ಇರುವ ನಂಟಿನಷ್ಟೇ ದೊಡ್ಡದಾಗಿ ಕಂಡಿತು. ಸ್ನೇಹ ಒಂದೇ ಆರೋಗ್ಯ ಕೊಡುತ್ತದೆ ಅಂತ ಇದರಿಂದ ಸಾಬೀತಾಗುವುದಿಲ್ಲ. ಆದರೆ ದುಗುಡವನ್ನು ಒಬ್ಬನೇ ಹೊತ್ತ ಮಗುವಿನ ಮೈ ಸದಾ ಬಿಗಿದುಕೊಂಡೇ ಇರುತ್ತದೆ, ಅದನ್ನು ಮೈದಾನದಲ್ಲಿ ನಾನು ದಿನಾ ನೋಡುತ್ತೇನೆ. ಜೊತೆಗಾರ ರಜೆ ಹಾಕಿದ ದಿನ "ಹೊಟ್ಟೆನೋವು ಮಿಸ್" ಅಂತ ಕಟ್ಟೆಯ ಮೇಲೆ ಕೂರುವ ಮಕ್ಕಳಿದ್ದಾರೆ. ಆ ನೋವು ಸುಳ್ಳಲ್ಲ.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ಮೊದಲು ಆ ಒಬ್ಬ ಗೆಳೆಯ ಅಥವಾ ಗೆಳತಿ ಯಾರು ಅಂತ ತಿಳಿದುಕೊಳ್ಳಿ. ವಾಟ್ಸಾಪ್ ಗುಂಪಿನಲ್ಲಿರುವ ಐವತ್ತು ಜನ ಇಲ್ಲಿ ಲೆಕ್ಕಕ್ಕಿಲ್ಲ. "ಇವತ್ತು ಊಟಕ್ಕೆ ಯಾರ ಪಕ್ಕ ಕೂತಿದ್ದೆ?" ಅಂತ ಕೇಳಿದರೆ ಸಾಕು.

ಆಮೇಲೆ, ಅವರಿಬ್ಬರು ಜೊತೆಯಾಗಿ ನಡೆಯುವ ದಾರಿಯನ್ನು ಕಸಿಯಬೇಡಿ. ನಾನು ಎಲ್ಲಕ್ಕಿಂತ ಒತ್ತಿ ಹೇಳುವುದು ಇದನ್ನೇ. ನಮ್ಮ ಊರಿನ ಮಕ್ಕಳಿಗೆ ಬಿಡುವು ಅಂತ ಸಿಗುವುದು ಶಾಲೆಯಿಂದ ಮನೆಗೆ, ಟ್ಯೂಷನ್‌ನಿಂದ ಮನೆಗೆ ಬರುವ ಆ ಹೊತ್ತು ಮಾತ್ರ. ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದರೆ ಹದಿನೈದು ನಿಮಿಷ ಉಳಿಯುತ್ತದೆ, ನಿಜ. ಆದರೆ ಆ ಹದಿನೈದು ನಿಮಿಷದಲ್ಲೇ ಅವರು ನಿಮಗೆ ಹೇಳದ್ದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು. ಹತ್ತಿರದ ದಾರಿಯಾದರೆ ನಡೆಯಲು ಬಿಡಿ, ಚುರುಮುರಿಗೆ ಇಪ್ಪತ್ತು ರೂಪಾಯಿ ಕೊಡಿ. ಮನೆ ದೂರವಾದರೆ ಬಸ್ಸಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ದುಡ್ಡಿಲ್ಲ, ಆಧಾರ್ ಕಾರ್ಡ್ ಚೀಲದಲ್ಲಿದ್ದರಾಯಿತು. ಟ್ಯೂಷನ್ ಬದಲಿಸುವ ಮುಂಚೆ ಗೆಳತಿ ಎಲ್ಲಿ ಹೋಗುತ್ತಾಳೆ ಅಂತಲೂ ಕೇಳಿ. ನನ್ನ ಕೇಳಿದರೆ, ನಾಲ್ಕು ಅಂಕ ಜಾಸ್ತಿ ತರಿಸುವ ಟ್ಯೂಷನ್‌ಗಿಂತ ಇಬ್ಬರೂ ಕೂಡಿ ಹೋಗುವ ಟ್ಯೂಷನ್ನೇ ಮೇಲು.

ಮನೆಗೆ ಓದಲು ಬಂದರೆ ತಿಂಡಿ ಕೊಟ್ಟು ನಿಮ್ಮ ಕೆಲಸ ನೋಡಿಕೊಳ್ಳಿ. ಎಷ್ಟು ಮಾರ್ಕ್ಸು, ಅಪ್ಪ ಎಲ್ಲಿ ಕೆಲಸ, ಯಾವ ಜನ ಅಂತ ಆ ಮಗುವನ್ನು ವಿಚಾರಿಸಬೇಡಿ. ಒಂದು ಸಲ ಕೇಳಿದರೆ ಅದು ಮತ್ತೆ ನಿಮ್ಮ ಮೆಟ್ಟಿಲು ಹತ್ತುವುದಿಲ್ಲ.

ಜಗಳ ಆಗುತ್ತದೆ, ಆಗಲಿ. ಇನ್ನೊಬ್ಬರ ಅಮ್ಮನಿಗೆ ಫೋನ್ ಮಾಡಬೇಡಿ. ಆದರೆ ದುಡ್ಡು ಕೀಳುವುದು, ಸಿಗರೇಟು, ಹೆದರಿಸುವುದು, ವಯಸ್ಸಿನಲ್ಲಿ ತುಂಬಾ ದೊಡ್ಡವರ ಸಹವಾಸ ಇವು ಕಂಡರೆ ಅದೇ ದಿನ ಕೂರಿಸಿಕೊಂಡು ಮಾತಾಡಿ, ಶಾಲೆಗೂ ತಿಳಿಸಿ.

ಜೊತೆಗಾರರೇ ಇಲ್ಲದ ಮಗುವನ್ನು "ಹೋಗಿ ಎಲ್ಲರ ಜೊತೆ ಬೆರಿ" ಅಂತ ದಬ್ಬಬೇಡಿ. ಕೈಗೆ ಕೆಲಸ ಇರುವ ಕಡೆ ಸೇರಿಸಿ: ಖೋಖೋ, ಸ್ಕೌಟ್ಸ್, ಶಾಲೆಯ ನಾಟಕ. ಪಕ್ಕದಲ್ಲಿ ನಿಂತು ಕೆಲಸ ಮಾಡುತ್ತ ಮಾಡುತ್ತ ಮಾತು ಹುಟ್ಟುತ್ತದೆ. ನಿದ್ದೆ ಊಟ ಕೆಟ್ಟು, ಶಾಲೆಗೇ ಹೋಗಲ್ಲ ಅನ್ನುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಹಗಲೂ ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ ಪಿಯು. ಎಷ್ಟೋ ಸ್ನೇಹಗಳು ಇಲ್ಲಿ ಸದ್ದಿಲ್ಲದೆ ಕಡಿದುಹೋಗುತ್ತವೆ. ಒಬ್ಬಳು ಕೆಂಗೇರಿ ಕಡೆ ಸೈನ್ಸ್, ಇನ್ನೊಬ್ಬಳು ಮಲ್ಲೇಶ್ವರದಲ್ಲಿ ಕಾಮರ್ಸ್. ಸೀಟು ಸಿಕ್ಕ ವಾರವೇ ಇಬ್ಬರನ್ನೂ ಕರೆದು, ಭಾನುವಾರ ಯಾವ ಹೊತ್ತು ಬಿಡುವು ಅಂತ ಕೇಳಿ. ವಿಜಯನಗರದಿಂದ ಕಬ್ಬನ್ ಪಾರ್ಕಿಗೆ ನೇರಳೆ ಮಾರ್ಗದ ಮೆಟ್ರೊ ನೇರ ಹೋಗುತ್ತದೆ. ಆ ಬಿಡುವಿನ ಹೊತ್ತಿಗೆ ಬೇರೆ ಕ್ಲಾಸು ಹಾಕಬೇಡಿ.