ನೀರಡಿಯ ಮೋಟಾರಿಗೆ ಗಾಳಿ, ಬ್ಯಾಟರಿಗೆ ಎಣ್ಣೆ

ಹವ್ಯಾಸಿಗಳು ಕಟ್ಟಿಕೊಳ್ಳುವ ಜಲಾಂತರ್ಗಾಮಿಗಳಲ್ಲಿ ಅಮೆರಿಕದ ಕೆ-250 ಹೆಸರಾದದ್ದು. ಒಬ್ಬರೇ ಕೂರುವ ಇದರ ಆಳದ ಮಿತಿ 250 ಅಡಿ, ಅಂದರೆ 76 ಮೀಟರ್. ಅಷ್ಟು ಆಳದಲ್ಲಿ ನೀರು ಸುಮಾರು 7.6 ಬಾರ್ ಒತ್ತಡ ಹಾಕುತ್ತದೆ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ). ಸಣ್ಣ ದೋಣಿಗೆ ಹಾಕುವ ವಿದ್ಯುತ್ ಮೋಟಾರನ್ನು (ಟ್ರೋಲಿಂಗ್ ಮೋಟಾರ್) ಹಾಗೇ ಹೊರಗೆ ಕಟ್ಟಿದರೆ ಶಾಫ್ಟಿನ ಸೀಲ್ ದಾಟಿ ನೀರು ನುಗ್ಗುತ್ತದೆ. ದಪ್ಪ ಕವಚ ಹಾಕುವುದಕ್ಕಿಂತ ಒಳಗಿನ ಒತ್ತಡವನ್ನು ಹೊರಗಿನದಕ್ಕೆ ಸರಿಗಟ್ಟುವುದೇ ಸುಲಭ.

ಬ್ರಷ್ (ತಿರುಗುವ ಭಾಗಕ್ಕೆ ಉಜ್ಜುತ್ತಾ ವಿದ್ಯುತ್ ಕೊಡುವ ಕಾರ್ಬನ್ ತುಂಡು) ಇರುವ ಮೋಟಾರಾದರೆ ಎಣ್ಣೆಗಿಂತ ಗಾಳಿಯೇ ಮೇಲು. ಎಣ್ಣೆ ಬ್ರಷ್ ಅಡಿಗೆ ಸೇರಿ ಸಂಪರ್ಕ ಕೆಡಿಸುತ್ತದೆ, ಕಾರ್ಬನ್ ಪುಡಿಯೂ ಅದರಲ್ಲೇ ತೇಲುತ್ತದೆ. ಮುಳುಗುವವರು ಬಳಸುವ ಗಾಳಿಯ ಸ್ಕೂಬಾ ಸಿಲಿಂಡರಿಗೆ ಅದರ ಒತ್ತಡ ತಗ್ಗಿಸುವ ಮೊದಲ ಹಂತದ ರೆಗ್ಯುಲೇಟರ್ ಜೋಡಿಸಿ, ಬಾಯಿಗೆ ಕಚ್ಚುವ ಎರಡನೇ ಹಂತದ ರೆಗ್ಯುಲೇಟರನ್ನು ಮೆದುಗೊಳವೆಯಿಂದ ಮೋಟಾರಿಗೆ ಸೇರಿಸಿ. ಸುತ್ತಲಿನ ನೀರಿನ ಒತ್ತಡಕ್ಕೆ ಸರಿಯಾಗಿ ಗಾಳಿ ಬಿಡುವ ಈ ಎರಡನೇ ರೆಗ್ಯುಲೇಟರನ್ನು ಮೋಟಾರಿನ ತಳಕ್ಕಿಂತ 20 ಸೆಂ.ಮೀ. ಕೆಳಗೆ ಕಟ್ಟಿ, ಆಗ ಮೋಟಾರಿನೊಳಗೆ ಯಾವಾಗಲೂ 0.02 ಬಾರ್ ಹೆಚ್ಚು ಒತ್ತಡವಿರುತ್ತದೆ. ರೆಗ್ಯುಲೇಟರಿಗೆ ಜಿನುಗಿದ ನೀರೂ ಮೋಟಾರಿಗೆ ಏರುವುದಿಲ್ಲ. ಎರಡು ಮೋಟಾರಿಗೆ ಒಂದೇ ರೆಗ್ಯುಲೇಟರ್ ಬೇಡ: ಜಲಾಂತರ್ಗಾಮಿ ವಾಲಿದರೆ ಒಂದು ಮೋಟಾರು ಅದಕ್ಕಿಂತ ಕೆಳಗಿಳಿದು ಒಳಗಿನ ಒತ್ತಡ ಸಾಲದೆ ಹೋಗುತ್ತದೆ.

ಹೆಚ್ಚು ಕೆಡುವುದು ಮೇಲೇರುವಾಗ. ಮೋಟಾರಿನೊಳಗೆ ಅರ್ಧ ಲೀಟರ್ ಜಾಗವಿದ್ದರೆ, 76 ಮೀಟರಿನಿಂದ ಮೇಲೆ ಬರುವಷ್ಟರಲ್ಲಿ ಹಿಗ್ಗಿದ ಸುಮಾರು 3.8 ಲೀಟರ್ ಗಾಳಿ ಹೊರಹೋಗಬೇಕು. ರೆಗ್ಯುಲೇಟರಿನ ಉಸಿರು ಬಿಡುವ ವಾಲ್ವ್ ಅದನ್ನು ಬಿಡುತ್ತದೆ, ನಿಜ. ಆದರೆ ಅದು ಅಂಟಿಕೊಂಡರೆ ಸೀಲೇ ಹೊರಕ್ಕೆ ಹಾರುತ್ತದೆ. ಹಾಗಾಗಿ 0.2 ಬಾರಿಗೆ ತೆರೆಯುವ ಇನ್ನೊಂದು ರಿಲೀಫ್ ವಾಲ್ವನ್ನು ಮೋಟಾರಿಗೇ ಕೂರಿಸಿ.

ಹೊರಗಿನ ಪೆಟ್ಟಿಗೆಯಲ್ಲಿಡುವ ಸೀಸ-ಆಮ್ಲದ ಬ್ಯಾಟರಿಯ ಸುತ್ತ ಗಾಳಿಯ ಬದಲು ಖನಿಜ ತೈಲ ತುಂಬುವುದೇ ಸರಿ. ಆಮ್ಲಕ್ಕಿಂತ ಹಗುರವಾದ್ದರಿಂದ ಅದು ಮೇಲೆ ನಿಲ್ಲುತ್ತದೆ. ಪೆಟ್ಟಿಗೆಯ ತಳಕ್ಕೆ ಎಣ್ಣೆ ತುಂಬಿದ ರಬ್ಬರ್ ಚೀಲ ಜೋಡಿಸಿ; ನೀರು ಅದನ್ನು ಒತ್ತಿದಂತೆ ಎಣ್ಣೆ ಪೆಟ್ಟಿಗೆಗೆ ಸೇರಿ ಒತ್ತಡ ಸರಿಗಟ್ಟುತ್ತದೆ. ಅದು ಹರಿದರೂ ನೀರು ತಳದಲ್ಲೇ ಉಳಿದು ಟರ್ಮಿನಲ್ ಮುಟ್ಟುವುದಿಲ್ಲ. 15 ಲೀಟರ್ ಎಣ್ಣೆ 30 ಡಿಗ್ರಿ ತಣ್ಣಗಾದರೆ ಸುಮಾರು 0.3 ಲೀಟರ್ ಕುಗ್ಗುತ್ತದೆ. ಒಂದು ಲೀಟರ್ ಗಾಳಿ ಸಿಕ್ಕಿಕೊಂಡಿದ್ದರೆ ಆಳದಲ್ಲಿ ಇನ್ನೂ 0.9 ಲೀಟರ್ ಎಣ್ಣೆ ಬೇಕು. ಆದ್ದರಿಂದ ಚೀಲ 2 ಲೀಟರಿನದಿರಲಿ. ಎಣ್ಣೆಯನ್ನು ನಿಧಾನವಾಗಿ ಸುರಿದು, ಪೆಟ್ಟಿಗೆ ಓರೆಮಾಡಿ ತಟ್ಟಿ, ರಾತ್ರಿಯಿಡೀ ಬಿಟ್ಟು ಮತ್ತೆ ತುಂಬಿ. ಹೈಡ್ರೋಜನ್ ಹೋಗಲು ಮುಚ್ಚಳದ ಅತಿ ಎತ್ತರದ ಜಾಗದಲ್ಲಿ ರಿಲೀಫ್ ವಾಲ್ವ್ ಬೇಕು; ಚಾರ್ಜ್ ಮಾಡುವಾಗ ಮುಚ್ಚಳ ತೆರೆದಿಡಿ, ಹತ್ತಿರ ಕಿಡಿ ಸುಳಿಯದಿರಲಿ.

ಮೊದಲ ಪರೀಕ್ಷೆಗೆ ಜನ ಬೇಡ. ಮೋಟಾರು, ಪೆಟ್ಟಿಗೆ ಎರಡನ್ನೂ ಹಗ್ಗಕ್ಕೆ ಕಟ್ಟಿ ಪೂರ್ತಿ ಆಳಕ್ಕೆ ಇಳಿಸಿ, ಎತ್ತಿ, ಬಿಚ್ಚಿ ನೋಡಿ. ಮೋಟಾರಿನೊಳಗೆ ಒಂದು ಹನಿ ಕಂಡರೂ ಸೀಲ್ ಬದಲಿಸಿ ಮತ್ತೆ ಇಳಿಸಿ.