ಹೃದಯದ ಸ್ನಾಯುವಿಗೆ ಎಷ್ಟು ರಕ್ತ? ಎಂಆರ್‌ಐ ಲೆಕ್ಕ ಹಾಕುವುದು ಹೀಗೆ

ರಕ್ತನಾಳ ಎಲ್ಲಿ ಕಿರಿದಾಗಿದೆ ಎಂಬುದನ್ನು ಆಂಜಿಯೋಗ್ರಾಮ್ ತೋರಿಸುತ್ತದೆ. ಅದರಿಂದ ಹೃದಯದ ಸ್ನಾಯುವಿಗೆ ರಕ್ತ ಕಡಿಮೆ ಬೀಳುತ್ತಿದೆಯೇ ಎಂಬುದು ಬೇರೆಯೇ ಪ್ರಶ್ನೆ. ಔಷಧ ಕೊಟ್ಟು ಹೃದಯದ ರಕ್ತದ ಹರಿವು ಹೆಚ್ಚಿಸಿ ಚಿತ್ರ ತೆಗೆಯುವ ಸ್ಟ್ರೆಸ್ ಪರ್ಫ್ಯೂಷನ್ ಎಂಆರ್‌ಐ ಉತ್ತರಿಸುವುದು ಇದಕ್ಕೆ. 2019ರಲ್ಲಿ ಪ್ರಕಟವಾದ, 918 ರೋಗಿಗಳ ಎಂಆರ್-ಇನ್ಫಾರ್ಮ್ ಅಧ್ಯಯನದಲ್ಲಿ ಈ ಪರೀಕ್ಷೆ ನೋಡಿಕೊಂಡು ಚಿಕಿತ್ಸೆ ಪಡೆದವರಲ್ಲಿ ಸ್ಟೆಂಟ್, ಬೈಪಾಸ್ ಕಡಿಮೆಯಾದವು. ಆದರೂ ಒಂದು ವರ್ಷದಲ್ಲಿ ಅವರ ಸ್ಥಿತಿ, ಆಂಜಿಯೋಗ್ರಾಮ್ ವೇಳೆ ನಾಳದೊಳಗಿನ ಒತ್ತಡ ಅಳೆದು ಚಿಕಿತ್ಸೆ ಪಡೆದ ಉಳಿದವರಿಗಿಂತ ಹದಗೆಡಲಿಲ್ಲ.

ಹಿಂದಿನ ದಿನ

ಸಾಮಾನ್ಯವಾಗಿ 24 ಗಂಟೆ ಕಾಫಿ, ಟೀ, ಕೋಲಾ, ಚಾಕೊಲೇಟ್ ಬಂದ್. ರಕ್ತನಾಳ ಹಿಗ್ಗಿಸಲು ಕೊಡುವ ಅಡೆನೊಸಿನ್‌ನ ಕೆಲಸಕ್ಕೆ ಕೆಫೀನ್ ಅಡ್ಡ ಬರುತ್ತದೆ. ತೊಂದರೆ ಇದ್ದರೂ ವರದಿ ‘ನಾರ್ಮಲ್’ ಎಂದು ಬಂದೀತು. ಬೆಳಿಗ್ಗೆ ಅರ್ಧ ಲೋಟ ಕುಡಿದಿದ್ದರೂ ಮುಚ್ಚಿಡದೆ ಹೇಳಿಬಿಡಿ. ಆಸ್ತಮಾ, ಕಿಡ್ನಿ ತೊಂದರೆ, ಪೇಸ್‌ಮೇಕರ್ ಇದ್ದರೆ ಮೊದಲೇ ತಿಳಿಸಬೇಕು.

ಯಂತ್ರದೊಳಗೆ

ಸಾಮಾನ್ಯವಾಗಿ ಎರಡೂ ಕೈಗೆ ಸೂಜಿ ಹಾಕುತ್ತಾರೆ. ಒಂದರಲ್ಲಿ ಅಡೆನೊಸಿನ್ ಮೂರ್ನಾಲ್ಕು ನಿಮಿಷ ಹರಿಯುತ್ತದೆ. ಮುಖ ಬಿಸಿಯಾಗುತ್ತದೆ, ಎದೆ ಬಿಗಿದಂತಾಗುತ್ತದೆ, ಉಸಿರು ಜೋರಾಗುತ್ತದೆ. ಗಾಬರಿ ಬೇಡ, ನಿಲ್ಲಿಸಿದ ಸ್ವಲ್ಪ ಹೊತ್ತಿನಲ್ಲೇ ಇಳಿಯುತ್ತದೆ. ಆರೋಗ್ಯವಾದ ರಕ್ತನಾಳಗಳು ಈ ಔಷಧಕ್ಕೆ ಹಿಗ್ಗುತ್ತವೆ. ಕಟ್ಟಿಕೊಂಡ ನಾಳದ ಮುಂದಿನ ಸಣ್ಣ ನಾಳಗಳು ಮೊದಲೇ ಹಿಗ್ಗಿಕೊಂಡಿರುವುದರಿಂದ ಅಲ್ಲಿ ಹರಿವು ಹೆಚ್ಚಲು ಜಾಗವಿಲ್ಲ.

ಆಗಲೇ ಇನ್ನೊಂದು ಕೈಗೆ ಗ್ಯಾಡೋಲಿನಿಯಂ ಕಾಂಟ್ರಾಸ್ಟ್, ಅಂದರೆ ರಕ್ತ ಹರಿದ ಜಾಗವನ್ನು ಚಿತ್ರದಲ್ಲಿ ಬೆಳ್ಳಗೆ ತೋರಿಸುವ ದ್ರವ. ಪರದೆಯಲ್ಲಿ ಮೊದಲು ಹೃದಯದ ಬಲಗೋಣೆ ಬೆಳ್ಳಗಾಗುತ್ತದೆ, ಕೆಲವೇ ಬಡಿತಗಳಲ್ಲಿ ಎಡಗೋಣೆ, ಆಮೇಲೆ ಸ್ನಾಯುವಿನ ಉಂಗುರ. ಬುಡ, ನಡು, ತುದಿ ಎಂದು ಮೂರು ಅಡ್ಡ ಸೀಳುಗಳನ್ನು ಸುಮಾರು ಒಂದು ನಿಮಿಷ, ಬಡಿತ ಬಡಿತಕ್ಕೂ ಸೆರೆಹಿಡಿಯುತ್ತಾರೆ. ರಕ್ತ ಸಾಲದ ಕಡೆ ಉಂಗುರದ ಒಳಅಂಚು ಕಪ್ಪಾಗಿಯೇ ಉಳಿಯುತ್ತದೆ.

ಕಣ್ಣಿಂದ ಅಂಕಿಗೆ

ನನ್ನ ಮಟ್ಟಿಗೆ ನಿಜವಾದ ಸ್ವಾರಸ್ಯ ಇರುವುದು ಇಲ್ಲಿ. ಒಂದು ಮೂಲೆ ಕಪ್ಪಾದರೆ ಪಕ್ಕದ್ದರ ಜೊತೆ ಹೋಲಿಸಿ ಗುರುತಿಸಬಹುದು. ಮೂರೂ ಮುಖ್ಯ ನಾಳಗಳು ಕಟ್ಟಿಕೊಂಡಿದ್ದರೆ? ಉಂಗುರವೆಲ್ಲ ಒಂದೇ ಸಮ ಮಂಕು; ಹೋಲಿಸಲು ಏನೂ ಉಳಿಯದೆ ಕಣ್ಣು ಮೋಸಹೋಗಬಹುದು. ಹಾಗಾಗಿ ಎಡಗೋಣೆಯ ರಕ್ತದಲ್ಲಿ ಕಾಂಟ್ರಾಸ್ಟ್ ಏರಿಳಿದ ರೇಖೆ, ಸ್ನಾಯುವಿನಲ್ಲಿ ಏರಿದ ರೇಖೆ ಎರಡನ್ನೂ ಇಟ್ಟುಕೊಂಡು ಕಂಪ್ಯೂಟರ್ ಹರಿವನ್ನು ಲೆಕ್ಕ ಹಾಕುತ್ತದೆ. ಒಂದು ತೊಡಕಿದೆ: ರಕ್ತದಲ್ಲಿ ಕಾಂಟ್ರಾಸ್ಟ್ ತೀರಾ ದಟ್ಟವಾದಾಗ ಸಿಗ್ನಲ್ (ಚಿತ್ರದ ಹೊಳಪು) ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಅದಕ್ಕಾಗಿ ಅದೇ ಬಡಿತದಲ್ಲಿ ರಕ್ತಕ್ಕೆಂದೇ ಬೇರೆ ಚಿತ್ರ ತೆಗೆಯುವ ವಿಧಾನವಿದೆ.

ಸಿಗುವ ಅಂಕಿ: ಒಂದು ಗ್ರಾಂ ಸ್ನಾಯುವಿಗೆ ನಿಮಿಷಕ್ಕೆ ಎಷ್ಟು ಮಿ.ಲೀ. ರಕ್ತ. ಆರೋಗ್ಯವಂತರಲ್ಲಿ ವಿಶ್ರಾಂತಿಯಲ್ಲಿ ಸುಮಾರು 1, ಔಷಧ ಕೊಟ್ಟಾಗ 2ರಿಂದ 4. ಯಂತ್ರ, ವಿಧಾನ ಬದಲಾದರೆ ಅಂಕಿಯೂ ತುಸು ಬದಲಾಗುತ್ತದೆ. ಎರಡು ಆಸ್ಪತ್ರೆಗಳ ವರದಿಗಳನ್ನು ಪಕ್ಕಪಕ್ಕ ಇಟ್ಟು ತಲೆ ಕೆಡಿಸಿಕೊಳ್ಳಬೇಡಿ.

ಕೊನೆಯ ಚಿತ್ರಗಳು

ಬಿಡುವು ಕೊಟ್ಟು, ಅಡೆನೊಸಿನ್ ಇಲ್ಲದೆ ಇನ್ನೊಮ್ಮೆ ಅಳೆಯುತ್ತಾರೆ. ಕಾಂಟ್ರಾಸ್ಟ್ ಕೊಟ್ಟು ಸುಮಾರು 10 ನಿಮಿಷದ ನಂತರದ ಚಿತ್ರದಲ್ಲಿ ಹಳೆಯ ಹೃದಯಾಘಾತದ ಗಾಯ ಬೆಳ್ಳಗೆ ಕಾಣುತ್ತದೆ. ಹರಿವು ಕಡಿಮೆ, ಆದರೆ ಬಿಳಿ ಗಾಯವಿಲ್ಲ ಎಂದರೆ ಆ ಭಾಗದ ಸ್ನಾಯು ಇನ್ನೂ ಜೀವಂತ. ಸ್ಟೆಂಟ್ ಬೇಕೇ, ಮಾತ್ರೆ ಸಾಕೇ ಎಂದು ಯೋಚಿಸುವಾಗ ವೈದ್ಯರು ಮುಖ್ಯವಾಗಿ ನೋಡುವುದು ಈ ಭಾಗವನ್ನೇ.