ಬೆಂಡಾದ ರಿಮ್ಮುಗಳ ಲೆಕ್ಕ

ಸೈಕಲ್ ರಿಪೇರಿ ಮಾಡುವವನಿಗೆ ಚಕ್ರ ನೋಡಿದರೆ ಸಾಕು, ಅದು ಎಲ್ಲಿ ಪೆಟ್ಟು ತಿಂದಿದೆ ಎಂದು ಗೊತ್ತಾಗುತ್ತದೆ. ಗುಂಡಿಗೆ ಇಳಿದ ರಿಮ್ಮು ಒಂದು ಕಡೆ ಚಪ್ಪಟೆಯಾಗಿರುತ್ತದೆ. ಎತ್ತರದ ಹಂಪು ಹಾರಿಸಿದ್ದಾದರೆ ಹಿಂದಿನ ಚಕ್ರದ ಕಡ್ಡಿಗಳು ಮುರಿದಿರುತ್ತವೆ, ಅದೂ ಹೆಚ್ಚಾಗಿ ಚೈನು ಕೂರುವ ಫ್ರೀವೀಲ್ ಇರುವ ಮಗ್ಗುಲಲ್ಲೇ. ಮುಂದಿನ ರಿಮ್ಮು ಕರಿದ ಹಪ್ಪಳದಂತೆ ತಿರುಚಿಕೊಂಡು, ಫೋರ್ಕು ಹಿಂದಕ್ಕೆ ಬಾಗಿ ಬಂದರೆ ಮಾತ್ರ ಚಕ್ರ ಎಲ್ಲೋ ಸಿಕ್ಕಿಬಿದ್ದಿತ್ತು ಎಂದೇ ಅರ್ಥ.

ಮಂಡ್ಯದ ಗುತ್ತಲು ರಸ್ತೆಯ ಬದಿಯಲ್ಲಿ ನನ್ನ ಅಂಗಡಿ. ಅಲ್ಲಿಗೆ ಒಂದು ಸಂಜೆ ಎಂಟನೇ ತರಗತಿಯ ಹುಡುಗಿಯೊಬ್ಬಳು ಅಂಥದ್ದೇ ಚಕ್ರ ತಂದಳು. ಗದ್ದಕ್ಕೆ ಮೂರು ಹೊಲಿಗೆ ಬಿದ್ದಿತ್ತು. ಜೊತೆಗಿದ್ದ ಅಪ್ಪ, "ನೋಡಿಕೊಂಡು ಹೊಡೆಯಬೇಕಲ್ಲವೇನಮ್ಮ?" ಎಂದು ನನ್ನೆದುರೇ ಅವಳನ್ನು ಗದರಿದರು. ನಾನೂ ತಲೆಯಾಡಿಸಿದೆ. ಹತ್ತು ದಿನ ಕಳೆಯುವುದರೊಳಗೆ ಇನ್ನೊಬ್ಬ ಹುಡುಗ ಅದೇ ಬಗೆಯ ಫೋರ್ಕು ಹಿಡಿದು ಬಂದ. ಎಲ್ಲಿ ಬಿದ್ದೆ ಎಂದು ಕೇಳಿದೆ. ಶಾಲೆಯ ಹಿಂದಿನ ರಸ್ತೆ ಎಂದ. ಹುಡುಗಿ ಬಿದ್ದದ್ದೂ ಅಲ್ಲೇ.

ಅಂದಿನಿಂದ ಪಂಕ್ಚರ್ ಲೆಕ್ಕದ ಪುಸ್ತಕವನ್ನು ತಿರುವಿಹಾಕಿ, ಕೊನೆಯ ಹಾಳೆಯಿಂದ ಬರೆಯಲು ಶುರುಮಾಡಿದೆ. ತಾರೀಖು, ಏನು ಮುರಿದಿದೆ, ಎಲ್ಲಿ ಮುರಿಯಿತು, ಇಷ್ಟೇ. ಹೆಸರು ಬರೆದುಕೊಳ್ಳುತ್ತಿರಲಿಲ್ಲ. ಊರು ತಿದ್ದುವ ಆಸೆ ನನಗೆ ಖಂಡಿತ ಇರಲಿಲ್ಲ, ಕುತೂಹಲ ಅಷ್ಟೆ. ವರ್ಷ ತುಂಬುವ ಹೊತ್ತಿಗೆ ಆ ರಸ್ತೆಯ ಹೆಸರು ಹನ್ನೊಂದು ಸಲ ಬಂದಿತ್ತು.

ಪುಸ್ತಕ ಮೊದಲು ಓದಿದವರು ಗಾಳಿ ತುಂಬಿಸಲು ಬರುತ್ತಿದ್ದ ಮೇಷ್ಟ್ರು. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತರಾದವರು. ಹಾಳೆ ತಿರುವಿ, "ನಡೆಯಿರಿ, ಜಾಗ ನೋಡೋಣ" ಎಂದರು. ಹೋಗಿ ನೋಡಿದರೆ ಸಂಗತಿ ಇಷ್ಟೇ: ಮಳೆನೀರು ಇಳಿಯಲು ರಸ್ತೆಯಂಚಿನಲ್ಲಿ ಕೂರಿಸಿದ ಕಬ್ಬಿಣದ ಜಾಲರಿಗಳ ಪಟ್ಟಿಗಳು ರಸ್ತೆಯ ಉದ್ದಕ್ಕೆ ಮಲಗಿದ್ದವು. ಎರಡು ಪಟ್ಟಿಗಳ ನಡುವೆ ನನ್ನ ಮೂರು ಬೆರಳು ಆರಾಮಾಗಿ ಇಳಿಯುತ್ತಿತ್ತು. ಹೆಣ್ಣುಮಕ್ಕಳ ಸೈಕಲ್ಲಿನ ಒಂದೂ ಮೂರೆಂಟಾಂಶ ಇಂಚಿನ ಟೈರು ಮೂವತ್ತೇಳು ಮಿಲಿಮೀಟರಿನ ಆಸುಪಾಸು. ಸ್ಕೂಟರಿನದು ಅದರ ಎರಡರಷ್ಟಕ್ಕಿಂತ ಅಗಲ. ಸ್ಕೂಟರಿನವರಿಗೆ ಅಲ್ಲಿ ಗಡಗಡ ಸದ್ದು ಕೇಳಿಸುತ್ತದೆಯೇ ಹೊರತು ಏನೂ ಆಗುವುದಿಲ್ಲ. ದೂರು ಕೊಡುವ ವಯಸ್ಸಿನವರೆಲ್ಲ ಸ್ಕೂಟರಿನಲ್ಲಿ, ಬೀಳುವವರೆಲ್ಲ ಸೈಕಲ್ಲಿನಲ್ಲಿ. ಯಾರೂ ಬಾಯಿಬಿಡದಿದ್ದುದು ಅದಕ್ಕೇ.

ಆಮೇಲೆ ನಾವು ಮಾಡಿದ ತಪ್ಪನ್ನೂ ಹೇಳಬೇಕು. ಮೇಷ್ಟ್ರು, ನಾನು, ಆಸ್ಪತ್ರೆಗೆ ಸೈಕಲ್ಲಿನಲ್ಲೇ ಹೋಗುವ ಒಬ್ಬ ನರ್ಸಮ್ಮ, ಹಾಲಿನ ಕ್ಯಾನು ಕಟ್ಟಿಕೊಂಡು ಬರುವ ಇಬ್ಬರು ಸೇರಿ ಮೊದಲಿಗೆ ಬರೆದದ್ದು ಮೂರು ಪುಟದ ಅರ್ಜಿ. ಊರಿನ ದೊಡ್ಡ ರಸ್ತೆಗಳ ಎರಡೂ ಬದಿಗೆ ಸೈಕಲ್ ಪಥ ಬೇಕು ಎಂದು ಕೇಳಿದೆವು. ಅಧಿಕಾರಿಯೊಬ್ಬರು ತಾಳ್ಮೆಯಿಂದ ಓದಿ, "ಪಥ ಎಂದರೆ ಎರಡು ಮೀಟರಾದರೂ ಅಗಲ ಬೇಕು. ಕಾರು ನಿಲ್ಲಿಸುವವರನ್ನು ನೀವು ಎಬ್ಬಿಸುತ್ತೀರಾ?" ಎಂದರು. ಟಪಾಲು ವಿಭಾಗದ ಮುದ್ರೆ ಹಾಕಿಸಿಕೊಂಡು ಬಂದೆವು. ಆ ಮುದ್ರೆ ನಮ್ಮ ಕಡತದಲ್ಲಿ ಇಂದಿಗೂ ಇದೆ, ಉಪಯೋಗ ಅಷ್ಟೇ.

ಎರಡನೆಯ ಅರ್ಜಿ ಅರ್ಧ ಪುಟ. ಒಂದು ರಸ್ತೆ, ಏಳು ಜಾಲರಿ, ನನ್ನ ಪುಸ್ತಕದ ಹಾಳೆಗಳ ನಕಲು. ಈ ಸಲ ಬರಿಗೈಯಲ್ಲಿ ಹೋಗದೆ ಅಂಗಡಿಯಲ್ಲಿದ್ದ ಹಳೆಯ ಚಕ್ರವೊಂದನ್ನು ಹೆಗಲಿಗೇರಿಸಿಕೊಂಡು ಹೋದೆ. ಬಾಗಿಲಲ್ಲಿದ್ದವರು ಗುಜರಿಯವನೆಂದು ತಡೆದರು. ಎಂಜಿನಿಯರ್ ವಯಸ್ಸಿನಲ್ಲಿ ಚಿಕ್ಕವರು. "ಸಾರ್, ಹತ್ತು ನಿಮಿಷ ಬಂದರೆ ಸಾಕು" ಎಂದೆ. ಬಂದರು. ಜಾಲರಿಯ ಸಂದಿಗೆ ಚಕ್ರ ಇಳಿಸಿ ಕೈಬಿಟ್ಟೆ. ಸ್ಟ್ಯಾಂಡ್ ಹಾಕಿದಂತೆ ಅದು ತಾನೇ ನೆಟ್ಟಗೆ ನಿಂತಿತು. ಅವರು ಬೂಟಿನ ತುದಿಯಿಂದ ಮೆಲ್ಲಗೆ ತಳ್ಳಿದರು. ಅಲುಗಾಡಿತು, ಬೀಳಲಿಲ್ಲ. ಎದುರಿನ ಅಂಗಡಿಯವರೂ ಬಂದು ನಿಂತು ನೋಡಿದರು. ಯಾರೂ ಮಾತಾಡಲಿಲ್ಲ.

ಜಾಲರಿ ಕಿತ್ತು ಅಡ್ಡಕ್ಕೆ ತಿರುಗಿಸಿ ಎಂದು ನಾನು ಹೇಳಿದ್ದೆ. ಅದು ಆಗುವಂತಿರಲಿಲ್ಲ, ಚೌಕಟ್ಟು ಚಚ್ಚೌಕವಲ್ಲ. ಮೇಲೆ ಮೂರು ಅಡ್ಡ ಪಟ್ಟಿ ಬೆಸುಗೆ ಹಾಕಿದರೆ ನೀರೂ ಇಳಿಯುತ್ತದೆ, ಚಕ್ರವೂ ಸಿಗುವುದಿಲ್ಲ ಎಂದು ದಾರಿ ತೋರಿಸಿದವರು ಆ ಎಂಜಿನಿಯರೇ. ಅದೇ ರಸ್ತೆಗೆ ಡಾಂಬರು ಹಾಕುವ ಕೆಲಸದ ಅಂದಾಜು ಪಟ್ಟಿ ಮೇಜಿನ ಮೇಲಿತ್ತಂತೆ, ಅದರಲ್ಲೇ ಸೇರಿಸಿದರು. ಯುಗಾದಿ ಕಳೆದ ಮೇಲೆ ಅರ್ಜಿ ಕೊಟ್ಟಿದ್ದೆವು, ಶಾಲೆ ಶುರುವಾಗುವ ಹೊತ್ತಿಗೆ ಏಳೂ ಜಾಲರಿಗೆ ಪಟ್ಟಿ ಬಿದ್ದಿತ್ತು. ನಾವೇನೋ ಸಾಧಿಸಿಬಿಟ್ಟೆವು ಎಂದುಕೊಂಡೆವು. ನಿಜವೆಂದರೆ ಅಂದಾಜು ಪಟ್ಟಿ ಮುಗಿಯುವ ಮುನ್ನ ಹೋಗಿದ್ದೇ ನಮ್ಮ ಅದೃಷ್ಟ. ಡಾಂಬರು ಹಾಕಿಯಾದ ಮೇಲೆ ಹೋಗಿದ್ದರೆ ಅದಕ್ಕೂ ಒಂದು ಮುದ್ರೆ ಬೀಳುತ್ತಿತ್ತು.

"ಈಗ ಸೈಕಲ್ ಹೊಡೆಯುವವರು ಯಾರಿದ್ದಾರೆ?" ಇದು ನಮಗೆ ಅತಿ ಹೆಚ್ಚು ಸಲ ಎದುರಾದ ಪ್ರಶ್ನೆ. ಅದಕ್ಕೆ ಬಾಯಲ್ಲಿ ಉತ್ತರ ಕೊಟ್ಟು ಪ್ರಯೋಜನವಿಲ್ಲವೆಂದು ಬೆಳಿಗ್ಗೆ ಹೊತ್ತು ವೃತ್ತದಲ್ಲಿ ನಿಂತು ಎಣಿಸಿದೆವು. ಮಕ್ಕಳೇ ಹೆಚ್ಚಿರುತ್ತಾರೆ ಎಂದು ನಾನು ಪಂದ್ಯ ಕಟ್ಟಿದ್ದೆ. ಏಳೂವರೆಯವರೆಗೆ ಕಂಡವರೆಲ್ಲ ಹೋಟೆಲ್ ಕೆಲಸದವರು, ಗಾರೆ ಕೆಲಸದವರು, ಹೂವು ಮಾರುವವರು. ಮಕ್ಕಳ ಸಾಲು ಆಮೇಲೆ ಬಂತು. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದ ಮೇಲೆ ವರ್ಷದಲ್ಲಿ ಕೆಲವು ವಾರ ನನ್ನ ಅಂಗಡಿಗೆ ನಟ್ಟು ಬಿಗಿ ಮಾಡಿಸುವವರದೇ ಜಾತ್ರೆ. ಕೊರೊನಾ ಬಂದ ಮೇಲೆ ಆ ವಿತರಣೆ ನಿಂತಿತು. ಅಕ್ಕನದನ್ನು ತಮ್ಮ ತುಳಿಯುತ್ತಾನೆ. ಸೀಟು ಇಳಿಸಿಕೊಡುವುದು ನನ್ನ ಕೆಲಸ.

ಹಂಪಿನ ವಿಷಯದಲ್ಲಿ ನಾವು ಸೋತೆವು. ರಸ್ತೆಗಳ ಮಾನದಂಡ ಗೊತ್ತುಮಾಡುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಅಳತೆಯಲ್ಲಿ ಹಂಪು ಎಂದರೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ತೊಂದರೆಯಿಲ್ಲದೆ ದಾಟುವಂಥದ್ದು. ನಮ್ಮ ಬೀದಿಗಳಲ್ಲಿ ಇರುವುದು ಒನಕೆಯನ್ನು ಅಡ್ಡ ಮಲಗಿಸಿ ಡಾಂಬರು ಬಳಿದಂಥವು. ಅದರ ಪಕ್ಕದಲ್ಲಿ ಮಳೆನೀರಿಗೆಂದು ಬಿಟ್ಟ ಸಂದಿಯಲ್ಲಿ ಸೈಕಲ್ಲಿನವರು ನುಸುಳುತ್ತಾರೆ, ಬೈಕಿನವರೂ ಅಲ್ಲಿಗೇ ತಿರುಗಿಸುತ್ತಾರೆ, ಇಬ್ಬರೂ ಅಲ್ಲೇ ಡಿಕ್ಕಿಯಾಗುತ್ತಾರೆ. ಇದನ್ನು ಬೀದಿಯವರಿಗೆ ಬಿಡಿಸಿ ಹೇಳಹೋದಾಗ ಒಬ್ಬ ಅಜ್ಜಿ, "ನಮ್ಮ ಮೊಮ್ಮಗನಿಗೆ ಗಾಡಿ ಗುದ್ದಿದಾಗ ಎಲ್ಲಿದ್ದಿರಪ್ಪ?" ಎಂದರು. ಆ ಹಂಪಿನ ಅಳತೆ ತೆಗೆಯದೆ ಟೇಪು ಸುತ್ತಿಕೊಂಡು ಬಂದೆವು. ಅಲ್ಲಿ ಇನ್ನೊಮ್ಮೆ ಬಾಯಿ ತೆರೆಯುವ ಧೈರ್ಯ ನನಗೆ ಬಂದಿಲ್ಲ.

ಕಬ್ಬಿನ ಟ್ರ್ಯಾಕ್ಟರಿನ ಕಥೆ ಬೇರೆ. ಹಂಗಾಮಿನಲ್ಲಿ ಒಂದಕ್ಕೆ ಎರಡು ಟ್ರೇಲರ್ ಕಟ್ಟಿಕೊಂಡು ರಾತ್ರಿ ಹೋಗುತ್ತವೆ, ಹಿಂದೆ ದೀಪವಿರುವುದಿಲ್ಲ. ದುಡ್ಡು ಹಾಕಿಕೊಂಡು ಹೊಳೆಯುವ ಕೆಂಪು ಪಟ್ಟಿ ತಂದೆವು. ಟೀ ಅಂಗಡಿ ಮುಂದೆ ನಿಂತ ಟ್ರೇಲರುಗಳ ಹಿಂಬಾಗಿಲಿಗೆ ಒಂದು ಮಧ್ಯಾಹ್ನ ಪೂರ್ತಿ ಅಂಟಿಸಿದೆವು. ಮಾರನೆಯ ರಾತ್ರಿ ನೋಡಿದರೆ ಪಟ್ಟಿ ಕಾಣಿಸುತ್ತಿಲ್ಲ: ಕಬ್ಬಿನ ಸೋಗೆ ಹಿಂಬಾಗಿಲು ಮುಚ್ಚಿ ನೆಲದತ್ತ ಜೋತಿತ್ತು! ಖಾಲಿ ಟ್ರೇಲರ್ ನೋಡಿ ಅಂಟಿಸಿದ ನಾವು ತುಂಬಿದ ಟ್ರೇಲರಿನ ಯೋಚನೆಯನ್ನೇ ಮಾಡಿರಲಿಲ್ಲ. "ಕೆಳಗೆ ಅಂಟಿಸಿ ಅಣ್ಣ, ಗಾಲಿಯ ಅಚ್ಚಿನ ಹತ್ತಿರ" ಎಂದದ್ದು ಒಬ್ಬ ಚಾಲಕನೇ. ಈಗ ಹಾಗೇ ಮಾಡುತ್ತೇವೆ. ಕೆಸರು ಮೆತ್ತಿದರೆ ಒರೆಸಿಕೊಳ್ಳುವವರು ಕಡಿಮೆ, ಆ ಮಾತು ಬೇರೆ.

ಒಂದು ದಿನ ಮಾತ್ರ ನಾವು ಕೇಳದೆಯೇ ರಸ್ತೆ ಸಿಕ್ಕಿತ್ತು. 2023ರ ಸೆಪ್ಟೆಂಬರಿನಲ್ಲಿ ಕಾವೇರಿ ನೀರಿಗಾಗಿ ಮಂಡ್ಯ ಬಂದ್ ಆದಾಗ ಅಂಗಡಿ ಮುಚ್ಚಿ ನಾನೂ ಸಂಜಯ ವೃತ್ತದ ಕಡೆ ಹೋಗಿದ್ದೆ. ಒಂದು ಕಡೆ ಘೋಷಣೆ, ಸ್ವಲ್ಪ ಆಚೆ ಹೆದ್ದಾರಿ ಬಟಾಬಯಲು. ಅಲ್ಲಿ ಮಕ್ಕಳು ಕೈಬಿಟ್ಟು ಸೈಕಲ್ ಹೊಡೆಯುತ್ತಿದ್ದರು. ಗದ್ದಕ್ಕೆ ಹೊಲಿಗೆ ಬಿದ್ದಿದ್ದ ಹುಡುಗಿಯೂ ಇದ್ದಳು, ಹಿಂದೆ ತಮ್ಮನನ್ನು ಕೂರಿಸಿಕೊಂಡು.

ಆ ಹಳೆಯ ಚಕ್ರ ಅಂಗಡಿಯ ಮೊಳೆಗೆ ನೇತುಬಿದ್ದಿದೆ. ಕೊಡುತ್ತೀರಾ ಎಂದು ಕೇಳುವವರಿದ್ದಾರೆ, ಕೊಟ್ಟಿಲ್ಲ. ಪುಸ್ತಕದಲ್ಲಿ ಇನ್ನೊಂದು ರಸ್ತೆಯ ಹೆಸರು ಆರನೆಯ ಸಲ ಬಂದಿದೆ. ಆ ಎಂಜಿನಿಯರಿಗೆ ವರ್ಗವಾಯಿತು. ಹೊಸಬರು ಬುಧವಾರ ಸಿಗುತ್ತಾರಂತೆ.